ಹೊಸ ಜೋಳದ ರೊಟ್ಟಿ

ಇಂಗಳೇಶ್ವರದ ಅಮಸಿದ್ದನಿಗೆ ತನ್ನ ಹೈಬ್ರೀಡ್ ಜೋಳದ ಮೇಲೆ ಎಷ್ಟು ಅಭಿಮಾನವಿತ್ತೆಂದರೆ, ಚಹಾದಂಗಡಿಗೆ ಹೋಗುವಾಗಲೂ ಒಂದು ತೆನೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋಗುತ್ತಿದ್ದ. ಕುರಿ ಕಾಯುವ ಮನೆತನ ಅವನದು. ಪಾಲಾದಾಗ ತಂದೆಯ ಕುರಿಹಿಂಡು ಅಣ್ಣನಿಗೆ ಹೋಯಿತು, ಎರೆಹೊಲ ಇವನಿಗೆ ಬಂತು. ಸುತ್ತಲಿನವರು ಮುಂಗಾರಿಗೆ ಹೆಸರು, ಸಜ್ಜೆ ಹಾಕಿ, ಹಿಂಗಾರಿಗೆ ಬಿಳಿಜೋಳ ಬಿತ್ತಿಕೊಂಡು ಹಿರಿಯರ ದಾರಿಯಲ್ಲೇ ಇದ್ದರು. ಅಮಸಿದ್ದ ಮಾತ್ರ ಅರ್ಧ ಹೊಲಕ್ಕೆ ಮುಂಗಾರಿಯಲ್ಲೇ ಹೈಬ್ರೀಡ್ ಜೋಳ ಹಾಕಿದ. ಮೊದಲ ವರ್ಷ ಕಣ ತುಂಬಿತು. ಮರುವರ್ಷವೂ ಅದೇ ಹೊಲಕ್ಕೆ ಅದೇ ಜೋಳ. ಅದರ ಮರುವರ್ಷವೂ ಅದೇ. ಕೊಯ್ದ ಮೇಲೆ ನೆಲದಲ್ಲಿ ಉಳಿದ ದಂಟಿನ ಬುಡವನ್ನು, ಆ ಹಳೆಯ ಕೂಳೆಯನ್ನು, ಕಿತ್ತು ಹಾಕುವ ಗೋಜಿಗೂ ಹೋಗದೆ ಅದರ ನಡುವೆಯೇ ಕೂರಿಗೆ ಹೊಡೆದ. ಫಸಲು ಬರುತ್ತಲೇ ಇದ್ದುದರಿಂದ ಯಾರೂ ಏನೂ ಅನ್ನಲಿಲ್ಲ.

ತೊಂಬತ್ತರ ದಶಕದ ನಡುವಿನ ಒಂದು ವರ್ಷ ಬೇಸಿಗೆಯಲ್ಲಿ ಅವನ ಮಗ ಸಿದ್ಧರಾಮನ ಮದುವೆಯಾಯಿತು. ಸೊಸೆ ಸುರೇಖಾ ಮುದ್ದೇಬಿಹಾಳದ ಕಡೆಯವಳು. ಮಾತು ಕಡಿಮೆ, ಕೈ ಚುರುಕು. ಅವಳು ಬಡಿದ ರೊಟ್ಟಿ ಹಂಚಿನ ಮೇಲೆ ಉಬ್ಬಿ ನಿಲ್ಲುವುದನ್ನು ನೋಡಿ ಅತ್ತೆ ಇಂದ್ರಾಬಾಯಿ ಒಲೆಯ ಮುಂದಿನ ಜಾಗವನ್ನು ತಾನಾಗಿಯೇ ಬಿಟ್ಟುಕೊಟ್ಟಿದ್ದಳು. ಇಪ್ಪತ್ತೈದು ವರ್ಷ ಒಲೆಯ ಹೊಗೆ ಕುಡಿದವಳಿಗೆ ಅದೇನು ಕಷ್ಟದ ಕೆಲಸವಾಗಿರಲಿಲ್ಲ.

ದಸರೆಗೆ ಅಮಸಿದ್ದನ ಅಕ್ಕ ಸಾತವ್ವ ಬಂದಳು. ಇಂಡಿ ತಾಲೂಕಿನ ಸಾಲೋಟಗಿಗೆ ಕೊಟ್ಟ ಹೆಣ್ಣುಮಗಳು ಅವಳು. ವರ್ಷಕ್ಕೊಮ್ಮೆ ತವರಿಗೆ ಬಂದರೆ ದೀಪಾವಳಿ ಮುಗಿಸಿಕೊಂಡೇ ಹೋಗುವುದು. ಬರುವಾಗ ತನ್ನ ಹೊಲದ ಹಿಂಗಾರಿಯ ಮಾಲದಂಡಿ ಬಿಳಿಜೋಳದ ಚೀಲವೊಂದನ್ನು ಬಸ್ಸಿನ ಟಾಪಿಗೆ ಏರಿಸಿಕೊಂಡೇ ಬರುತ್ತಿದ್ದಳು.

"ನಿನ್ನ ಹೈಬ್ರೀಡ್ ರೊಟ್ಟಿ ನನ್ನ ನಾಲಿಗಿಗೆ ಹತ್ತೂದಿಲ್ಲೋ ತಮ್ಮಾ. ಅರಿವಿ ಅಗದಂಗ ಆಗ್ತೈತಿ," ಎನ್ನುವಳು.

"ನಿನ್ನ ನಾಲಿಗಿ ರಾಜರ ಮನಿದು ಅಕ್ಕಾ," ಎಂದು ಅಮಸಿದ್ದ ನಗುವನು.

ಹೀಗಾಗಿ ಆ ಮನೆಯಲ್ಲಿ ಎರಡು ಹಿಟ್ಟಿನ ಡಬ್ಬಿಗಳಾದವು. ಮನೆಮಂದಿಗೊಂದು, ಸಾತವ್ವನಿಗೊಂದು. ಎರಡರಿಂದಲೂ ರೊಟ್ಟಿ ಬಡಿಯುವವಳು ಸುರೇಖಾಳೇ.

ಆ ಸಲ ಜೋಳ ಹಣ್ಣಾಗುವ ಹೊತ್ತಿಗೆ ಸರಿಯಾಗಿ ಹಸ್ತ ಮಳೆ ಹಿಡಿದುಕೊಂಡಿತು. ಅದಕ್ಕೆ ಮುಂಚೆ ಒಂದು ವಾರ ಒಳ್ಳೆಯ ಬಿಸಿಲಿತ್ತು. ಕೊಯ್ಯೋಣವೆಂದು ಸಿದ್ಧರಾಮ ಅಂದಿದ್ದ. "ದಂಟು ಇನ್ನಾ ಹಸಿ ಐತಿ, ಒಣಗಲಿ," ಎಂದು ಅಮಸಿದ್ದ ತಡೆದಿದ್ದ. ಬಳಿಕ ಮಳೆ ಬಿಡಲಿಲ್ಲ. ತೆನೆಗಳು ನಿಂತಲ್ಲೇ ನೆನೆದವು, ಒಣಗಿದವು, ಮತ್ತೆ ನೆನೆದವು. ಕೊನೆಗೆ ಮಳೆ ತುಸು ಬಿಟ್ಟ ಒಂದು ಹೊಳವಿನಲ್ಲಿ ಗಡಿಬಿಡಿಯಿಂದ ಕೊಯ್ದು, ಹಸಿ ತೆನೆಗಳನ್ನೇ ಕಣದ ನೆಲದ ಮೇಲೆ ಒಟ್ಟಿ, ಮೇಲೆ ತಾಡಪತ್ರಿ ಹೊದಿಸಿದರು. ಮಳೆಯಿಂದ ಉಳಿಯಿತಲ್ಲ ಎಂದು ಅಮಸಿದ್ದನಿಗೆ ಸಮಾಧಾನ.

ವಾರದ ಮೇಲೆ ತಾಡಪತ್ರಿ ತೆಗೆದಾಗ ಒಟ್ಟಿಲಿನಿಂದ ಹಬೆ ಎದ್ದಿತು. ಒಳಗೆ ಕೈ ಹಾಕಿದ ಇಂದ್ರಾಬಾಯಿ ಬಿಸಿ ತಾಗಿ ಹಿಂದೆ ತೆಗೆದಳು.

"ತಿಪ್ಪಿಯೊಳಗ ಕೈ ಇಟ್ಟಂಗ ಆತ್ರಿ," ಎಂದಳು ಗಂಡನಿಗೆ. "ವಾಸನಿನೂ ಬರಾಕತ್ತೇತಿ."

"ಮಳಿಗೆ ಸಿಕ್ಕ ಕಾಳು, ಬರ್ತೈತಿ. ಬಿಸಲಿಗೆ ಹಾಕಿದ್ರ ಹೋಗ್ತೈತಿ."

ಮಶೀನಿಗೆ ಹಾಕಿ ರಾಶಿ ಮಾಡಿದರು. ಬೆಳ್ಳಗಿರಬೇಕಾದ ಕಾಳು ಬೂದಿ ಬಣ್ಣಕ್ಕೆ ತಿರುಗಿತ್ತು. ಕೆಲವು ಪೂರ್ತಿ ಕರ್ರಗಾಗಿದ್ದವು. ಕೆಲವಕ್ಕೆ ಬುಡದಲ್ಲಿ ತಿಳಿಗುಲಾಬಿ ಹುಡಿ ಅಂಟಿತ್ತು. ಇಂದ್ರಾಬಾಯಿ ಒಂದು ಮೊರದಷ್ಟು ಕಾಳನ್ನು ಹಸನು ಮಾಡಿ, ತೊಳೆದು, ಎರಡು ದಿನ ಬಿಸಿಲಿಗಿಟ್ಟು ಗಿರಣಿಗೆ ಕಳಿಸಿದಳು. ಹಿಟ್ಟು ನೋಡಲಿಕ್ಕೆ ಹಿಟ್ಟಿನ ಹಾಗೆಯೇ ಇತ್ತು.

ಹೊಸ ಜೋಳದ ಮೊದಲ ರೊಟ್ಟಿಯೆಂದು ಸುರೇಖಾ ಅಂದು ಬದನೆಕಾಯಿ ಎಣ್ಣೆಗಾಯಿ ಮಾಡಿದಳು. ಎಲ್ಲರೂ ಹೊಟ್ಟೆತುಂಬ ಉಂಡರು. ರೊಟ್ಟಿಯಲ್ಲಿ ಸಣ್ಣ ಕಹಿಯಿತ್ತು, ಎಣ್ಣೆಗಾಯಿಯ ಖಾರದಲ್ಲಿ ಅದು ಯಾರಿಗೂ ದೊಡ್ಡದೆನಿಸಲಿಲ್ಲ. ಬಿಸಿಲು ಇಳಿಯುವುದರೊಳಗೆ ಅಮಸಿದ್ದ ಹೊಟ್ಟೆ ಹಿಡಿದುಕೊಂಡು ಕಟ್ಟೆಯ ಮೇಲೆ ಕುಸಿದ. ಸಿದ್ಧರಾಮ ನೀರಿನ ಚರಿಗೆ ತೆಗೆದುಕೊಂಡು ಬಯಲಿಗೆ ಹೋದವನು ಮನೆಗೆ ಬಂದು ಮತ್ತೆ ಅದೇ ಚರಿಗೆ ಹಿಡಿದು ಓಡಿದ. ಇಂದ್ರಾಬಾಯಿಗೂ ಸುರೇಖಾಳಿಗೂ ಅದೇ ಪಾಡು. ಹೊಟ್ಟೆಯೊಳಗೆ ಗುಡುಗುಡು, ಮುರಿತ, ಭೇದಿ. ಆರಾಮಾಗಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದವಳು ಸಾತವ್ವ ಒಬ್ಬಳೇ.

ಮರುದಿನ ಟೆಂಪೊದಲ್ಲಿ ಬಸವನ ಬಾಗೇವಾಡಿಯ ದವಾಖಾನೆಗೆ ಹೋದರು. ಡಾಕ್ಟರರು ಗುಳಿಗೆ ಕೊಟ್ಟು, ಅಮಸಿದ್ದನಿಗೆ ಒಂದು ಸಲೈನು ಏರಿಸಿದರು. "ಈ ವಾರ ಇಂಥಾ ಹೊಟ್ಟಿ ಭಾಳ ಬಂದಾವ. ನೀರು ಕಾಸಿ ಕುಡೀರಿ, ಉಣ್ಣೂ ಕಾಳು ಕಡಿನೂ ನೋಡಿ ಉಣ್ರಿ," ಎಂದರು. ಎರಡು ದಿನ ಗಂಜಿ ಕುಡಿದು ಎಲ್ಲರೂ ಚೇತರಿಸಿಕೊಂಡರು. ಮೂರನೆಯ ದಿನ ಮತ್ತೆ ರೊಟ್ಟಿ ಉಂಡರು, ಮತ್ತೆ ಬಿದ್ದರು.

ಈ ಸಲ ಸಾತವ್ವ ಸುಮ್ಮನಿರಲಿಲ್ಲ. ಪಡಸಾಲೆಯಲ್ಲಿ ಕೂತು, ಅಡುಗೆಮನೆಗೆ ಕೇಳಲೆಂದೇ ದನಿ ಎತ್ತಿ ಹೇಳಿದಳು:

"ಬಾವಿ ಅದ ಐತಿ, ಒಲಿ ಅದ ಐತಿ. ಇಷ್ಟ ವರ್ಷ ಏನೂ ಆಗಿದ್ದಿಲ್ಲ. ಹೊಸದಾಗಿ ಬಂದಿದ್ದು ಏನೈತಿ ಈ ಮನಿಗೆ? ಕೆಲವರ ಕೈಗುಣ ಹಂಗ ಇರ್ತೈತಿ. ತವರಿಗೆ ಒಂದೀಟ ದಿನ ಕಳಿಸಿ ನೋಡು ತಮ್ಮಾ."

ಅಮಸಿದ್ದ ಹೊಟ್ಟೆನೋವಿನಲ್ಲಿ ಗೋಡೆಯ ಕಡೆ ಹೊರಳಿಕೊಂಡ. ಸಿದ್ಧರಾಮ ಎದ್ದು ಏನೋ ಹೇಳಹೊರಟವನು ಸೋದರತ್ತೆ ಸಾತವ್ವನ ಮುಖ ನೋಡಿ ಹೊರಗೆ ಹೋಗಿಬಿಟ್ಟ. ಸುರೇಖಾ ಅಡುಗೆಮನೆಯಲ್ಲಿ ಎಲ್ಲವನ್ನೂ ಕೇಳಿದಳು. ಗಂಡ ಮಾತಾಡದೆ ಹೊರಗೆ ಹೋದದ್ದು ಅವಳಿಗೆ ಸಾತವ್ವನ ಮಾತಿಗಿಂತ ಹೆಚ್ಚು ನೋವು ಕೊಟ್ಟಿತು. ಕಣ್ಣೀರು ಒರೆಸಿಕೊಂಡು ಸಾತವ್ವನ ಊಟಕ್ಕೆಂದು ಮಾಲದಂಡಿ ಹಿಟ್ಟಿನ ಡಬ್ಬಿ ಎಳೆದಳು. ಹಿಟ್ಟಿಗೆ ಬಿಸಿನೀರು ಹಾಕುತ್ತಿದ್ದಂತೆ ಅವಳ ಕೈ ನಿಂತಿತು.

ಹಿತ್ತಿಲಲ್ಲಿ ಕೂತಿದ್ದ ಅತ್ತೆಯ ಹತ್ತಿರ ಹೋಗಿ ಮೆಲ್ಲಗೆ ಕೇಳಿದಳು.

"ಅತ್ತೀ, ದೊಡ್ಡತ್ತಿಯವರಿಗೂ ರೊಟ್ಟಿ ಮಾಡಾಕಿ ನಾನ ಹೌದಲ್ರಿ?"

"ಹೌದು, ನೀನ ಮಾಡ್ತಿ."

"ಇದ ಕೈ, ಇದ ನೀರು, ಇದ ಹಂಚು. ಅವರಿಗೆ ಯಾಕ ಏನೂ ಆಗಿಲ್ರಿ?"

ಇಂದ್ರಾಬಾಯಿ ಸೊಸೆಯ ಮುಖವನ್ನೇ ನೋಡಿದಳು. ಕಣದಲ್ಲಿ ಕೈಗೆ ತಾಗಿದ ಬಿಸಿ ಅವಳಿಗೆ ನೆನಪಾಯಿತು. ತಾನು ಅಂದು ಮೂಗಿಗೆ ಬಂದ ವಾಸನೆಯನ್ನು ನಂಬಬೇಕಿತ್ತು ಅನಿಸಿತು. ಆದರೆ ಗಂಡನೆದುರು ಬರೇ ಮಾತಿನಿಂದ ಆಗುವ ಕೆಲಸವಲ್ಲ ಇದು. ಅವನ ಹೈಬ್ರೀಡಿಗೆ ಹೆಸರಿಡುವುದೆಂದರೆ ಅವನಿಗೇ ಹೆಸರಿಟ್ಟಂತೆ.

ಎರಡು ದಿನ ಬಿಟ್ಟು ಎಲ್ಲರ ಹೊಟ್ಟೆಯೂ ನೆಟ್ಟಗಾದ ಮೇಲೆ ಅವಳು ತಾನೇ ಒಲೆಯ ಮುಂದೆ ಕೂತಳು. ಸುರೇಖಾಳನ್ನು ಅಡುಗೆಮನೆಯೊಳಗೇ ಬಿಡಲಿಲ್ಲ. ಸಾತವ್ವನ ಹಿಟ್ಟಿನಿಂದ ಮನೆಮಂದಿಗೆಲ್ಲ ರೊಟ್ಟಿ ಮಾಡಿ ಬಡಿಸಿದಳು. ಹೈಬ್ರೀಡ್ ಹಿಟ್ಟಿನಿಂದ ಒಂದೇ ರೊಟ್ಟಿ ಮಾಡಿ ತಾನು ಉಂಡಳು. ಉಂಡ ಮೇಲೆ ಪಡಸಾಲೆಗೆ ಬಂದು ಎಲ್ಲರ ಎದುರು ಕೂತು, ಮಾಡಿದ್ದನ್ನೆಲ್ಲ ಹೇಳಿದಳು.

"ನಿನಗೇನ ಹುಚ್ಚ ಹಿಡದೈತೇನ?" ಎಂದ ಅಮಸಿದ್ದ.

"ನೋಡೂಣಂತ ತಡೀರಿ."

ಬಹಳ ಹೊತ್ತು ನೋಡಬೇಕಾಗಲಿಲ್ಲ. ಚಹಾದ ಹೊತ್ತಿಗೆ ಇಂದ್ರಾಬಾಯಿಯ ಮುಖ ಬಿಳಿಚಿತು. ಹೊಟ್ಟೆ ಒತ್ತಿಕೊಂಡು ಎದ್ದಳು. ಉಳಿದವರಿಗೆ ಏನೂ ಆಗಲಿಲ್ಲ. ಸಿದ್ಧರಾಮ ತಾಯಿಗೆ ಉಪ್ಪು ಸಕ್ಕರೆ ಹಾಕಿದ ನೀರು ತಂದುಕೊಟ್ಟ. ಕುಡಿದು ಸುಧಾರಿಸಿಕೊಂಡು ಅವಳು ಸಾತವ್ವನ ಕಡೆ ತಿರುಗಿದಳು.

"ಇವತ್ತ ಸುರೇಖಾನ ಕೈ ಹಿಟ್ಟಿಗೆ ಮುಟ್ಟಿಲ್ರಿ ಅಕ್ಕಾರ. ಈಗ ಯಾರನ್ನ ತವರಿಗೆ ಕಳಸೂಣು? ನನ್ನನ್ನೋ, ಜೋಳನ್ನೋ?"

ಸಾತವ್ವ ಎಲೆಯ ಚಂಚಿ ಬಿಚ್ಚಿದಳು, ಮತ್ತೆ ಕಟ್ಟಿದಳು. ಅಮಸಿದ್ದ ಎದ್ದು ಚಪ್ಪಲಿ ಮೆಟ್ಟಿಕೊಂಡು ಬಾಗೇವಾಡಿಯ ಬಸ್ಸು ಹಿಡಿದ.

ಕೃಷಿ ಆಫೀಸಿನ ಅನೀಲಕುಮಾರ ಮರುದಿನ ಬೆಳಿಗ್ಗೆಯೇ ಬೈಕಿನ ಮೇಲೆ ಬಂದ. ಸಿಂದಗಿಯ ಹುಡುಗ, ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಕಣಕ್ಕೆ ಹೋಗಿ ಚೀಲ ಬಿಚ್ಚಿಸಿ, ಕಾಳನ್ನು ಅಂಗೈಯಲ್ಲಿ ಹರವಿಕೊಂಡು ನೋಡಿದ. ಉಗುರಿನಿಂದ ಒಂದು ಕಾಳು ಸೀಳಿ ಒಳಗಿನ ಬಣ್ಣ ತೋರಿಸಿದ.

"ಬೂಷ್ಟು ಹಿಡದೈತ್ರಿ ಕಾಕಾ. ನಿಮ್ಮ ಒಬ್ಬರದ ಅಲ್ಲ, ಈ ವರ್ಷ ಭಾಳ ಕಡೆ ಹಿಂಗ ಆಗೇತಿ. ಈ ಬೂಷ್ಟು ಕಾಳಿನೊಳಗ ಒಂದು ನಮೂನಿ ವಿಷ ಬಿಡ್ತೈತಿ. ಅದು ಹೊಟ್ಟಿ ಕೆಡಸ್ತೈತಿ."

"ನಾ ತೊಳದು ಒಣಗಿಸೀನಲ್ರಿ ಸಾಹೇಬ್ರ," ಎಂದಳು ಇಂದ್ರಾಬಾಯಿ. "ಹಂಚಿನ ಮ್ಯಾಲೆ ಸುಟ್ಟೀನಿ."

"ತೊಳದ್ರ ಮ್ಯಾಲಿನ ಬೂಷ್ಟು ಹೋಗ್ತೈತ್ರಿ, ಒಳಗಿನ ವಿಷ ಹೋಗೂದಿಲ್ಲ. ಹಂಚಿನ ಕಾವಿಗೂ ಅದು ಜಗ್ಗೂದಿಲ್ಲ."

ಅಮಸಿದ್ದ ಕೇಳಿದ: "ಹೈಬ್ರೀಡ್ ಬೀಜಾನ ಕೆಟ್ಟದ್ದೇನು ಹಂಗಾರ?"

"ಬೀಜದ ಮ್ಯಾಲೆ ಎಲ್ಲಾ ಹಾಕಬ್ಯಾಡ್ರಿ. ಇದು ಲಗೂನ ಬರೂ ಜೋಳ. ಹಿಂಗಾರಿ ಜೋಳ ಚಳಿಗಾಲ ದಾಟಿ ಒಣ ಬಿಸಲಾಗ ಹಣ್ಣಾಗ್ತೈತಿ. ಇದು ಮಳ್ಯಾಗ ಹಣ್ಣಾಗ್ತೈತಿ. ಅದಕ ಕಾಳು ಬಲಿತ ಕೂಡ್ಲೆ ಕೊಯ್ಯಬೇಕ್ರಿ, ದಂಟಿನ ದಾರಿ ಕಾಯಬಾರದು. ಕಾಳಿನ ಬುಡದಾಗ ಕರೀ ಚುಕ್ಕಿ ಬಂತಂದ್ರ ಬಲಿತು ಅಂತ ತಿಳೀರಿ. ಆಮ್ಯಾಲೆ ಹಸಿ ತೆನಿ ನೆಲದ ಮ್ಯಾಲೆ ಒಟ್ಟಿ ತಾಡಪತ್ರಿ ಹಾಕೀರಿ. ಒಳಗ ಕಾವು ಕೂತು, ಬೂಷ್ಟಿಗೆ ಹಾಸಗಿ ಹಾಸಿ ಕೊಟ್ಟಂಗ ಆತು."

ಹೊಲಕ್ಕೆ ಹೋದಾಗ ಅವನು ಹಿಂದಿನ ವರ್ಷದ ಕೂಳೆಯೊಂದನ್ನು ಕಿತ್ತು, ಅದರ ಮೇಲಿನ ಕಪ್ಪು ಹುಡಿ ತೋರಿಸಿದ. ಅದೇ ಹೊಲಕ್ಕೆ ಅದೇ ಬೆಳೆ ಹಾಕುತ್ತ ಹೋದರೆ ರೋಗ ಮನೆ ಮಾಡಿಕೊಂಡು ಕೂಡುತ್ತದೆ, ನಡುವೆ ಹೆಸರೋ ತೊಗರಿಯೋ ಹಾಕಿ ಎಂದ. ಸುರೇಖಾ ಸೆರಗು ಸರಿಮಾಡಿಕೊಂಡು ಹಿಂದೆ ನಿಂತಿದ್ದವಳು, ಆಗ ಬಾಯಿ ತೆಗೆದಳು.

"ನಮ್ಮ ತವರಮನ್ಯಾಗ ಹೈಬ್ರೀಡ್ ತೆನಿ ಹಸೀದಿದ್ದಾಗ ಕೊಯ್ದು ಮಾಳಗಿ ಮ್ಯಾಲೆ ತೆಳ್ಳಗ ಹರವ್ತಾರ್ರಿ. ಮಳಿ ಬಂದ್ರ ಒಳಗ ತರ್ತಾರ. ನಮಗ ಸಣ್ಣವರಿದ್ದಾಗ ಅದ ಕೆಲಸ."

"ಅದ ಸರಿ ದಾರಿ ನೋಡ್ರಿ," ಎಂದ ಅನೀಲಕುಮಾರ. "ನೆಲದ ಥಂಡಿ ಹತ್ತೂದಿಲ್ಲ, ಗಾಳಿ ಆಡ್ತೈತಿ."

ಅಮಸಿದ್ದ ಸೊಸೆಯನ್ನು ಅಂದು ಮೊದಲ ಸಲ ನೋಡಿದವನ ಹಾಗೆ ನೋಡಿದ. "ಮೊದಲ ಯಾಕ ಹೇಳಲಿಲ್ಲವಾ?" ಎಂದ.

"ನೀವು ಕೇಳಲಿಲ್ರಿ ಮಾವಾರ," ಎಂದಳು ಸುರೇಖಾ. ಅದರಲ್ಲಿ ಕುಟುಕು ಇರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದಳು, ಅಷ್ಟೇ.

ಇನ್ನು ಕಣದಲ್ಲಿದ್ದ ಚೀಲಗಳ ಮಾತು. ಬಾಗೇವಾಡಿ ರಸ್ತೆಯಲ್ಲಿ ಕೋಳಿ ಸಾಕಿಕೊಂಡಿದ್ದ ಬಂದೇನವಾಜ ಅಮಸಿದ್ದನ ಹಳೆಯ ಗೆಳೆಯ. ಜೋಳ ಕೆಟ್ಟ ಸುದ್ದಿ ಕೇಳಿ ಎರಡು ದಿನಕ್ಕೆ ಟ್ರ್ಯಾಕ್ಟರ್ ತಗೊಂಡೇ ಬಂದ.

"ಮಂದಿಗೆ ಬ್ಯಾಡಾದ್ರ ನನ್ನ ಕೋಳಿಗೆ ಆಗ್ತೈತಿ. ತೂಕ ಹಾಕು ದೋಸ್ತ, ಎಲ್ಲಾ ಒಯ್ತೇನಿ."

ಸಿದ್ಧರಾಮ ಅಪ್ಪನ ಮುಖ ನೋಡಿದ. ಮೂರು ತಿಂಗಳ ಬೆವರು ಆ ಚೀಲಗಳಲ್ಲಿತ್ತು. ಬಂದೇನವಾಜನಿಗೆ ಗೊತ್ತಿದ್ದದ್ದು ಜೋಳ ಕರ್ರಗಾಗಿದೆ ಎಂದಷ್ಟೇ. ಅಮಸಿದ್ದ ಒಂದು ಚೀಲದ ಮೇಲೆ ಕೂತು, ಹೊಗೆಸೊಪ್ಪು ತಿಕ್ಕುತ್ತ, ತಿಕ್ಕುತ್ತಲೇ ಉಳಿದ. ಬಾಯಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಅದನ್ನು ಝಾಡಿಸಿ ಎದ್ದ.

"ಇದು ಕೋಳಿಗೂ ಬ್ಯಾಡ ಬಂದೇನವಾಜ. ಇದರಾಗ ವಿಷ ಐತಿ. ನಾವ ತಿಂದು ಬಿದ್ದೇವಿ. ನಿನ್ನ ಕೋಳಿ ಸತ್ರ ನಾ ನಿನ್ನ ಮನಿ ಮುಂದ ಹೆಂಗ ಹಾಯಲಿ?"

"ಒಂದೀಟ ಒಳ್ಳೇದರಾಗ ಬೆರಸಿ ಹಾಕಿದ್ರ?"

"ಬೆರಸಿದ್ರ ಅದೂ ಹಾಳು. ಬ್ಯಾಡ ಅಂದ್ನಲ್ಲ."

ಬಂದೇನವಾಜ ಖಾಲಿ ಟ್ರ್ಯಾಕ್ಟರ್ ನೋಡಿದ, ಗೆಳೆಯನ ಮುಖ ನೋಡಿದ. ಬಳಿಕ ಅಂಗಿ ಕಳಚಿ ಟ್ರ್ಯಾಕ್ಟರಿನ ಮೇಲೆ ಒಗೆದು, "ಗುಂಡಿ ಎಲ್ಲಿ ತಗೀಬೇಕು ಹೇಳು," ಎಂದ. ಹಳ್ಳದ ದಂಡೆಯ ಬರಡು ನೆಲದಲ್ಲಿ ಮೂವರೂ ಸೇರಿ ಸಂಜೆಯತನಕ ತೋಡಿದರು. ಚೀಲಗಳನ್ನು ಸುರಿದು ಮಣ್ಣು ಮುಚ್ಚಿದರು. ರಾಶಿಯಲ್ಲಿ ಉಳಿದ ತೆನೆಯ ಹೊಟ್ಟನ್ನು ಬೇರೆ ಗುಡ್ಡೆ ಮಾಡಿ ಸುಟ್ಟರು. ಇಂದ್ರಾಬಾಯಿ ಚಹಾ ತಂದಾಗ ಇಬ್ಬರು ಗೆಳೆಯರು ದಿಬ್ಬದ ಮೇಲೆ ಕೂತು, ಸಣ್ಣವರಿದ್ದಾಗ ಅದೇ ಹಳ್ಳದಲ್ಲಿ ಏಡಿ ಹಿಡಿದದ್ದನ್ನು ಹೇಳಿಕೊಂಡು ನಗುತ್ತಿದ್ದರು. ಗಂಡನ ನಗು ಕೇಳಿ ಅವಳಿಗೆ ಎದೆ ಹಗುರಾಯಿತು. ಹದಿನೈದು ದಿನದಿಂದ ಅವನು ನಕ್ಕಿರಲಿಲ್ಲ.

ಸಾತವ್ವ ಈ ಸಲ ದೀಪಾವಳಿಗೆ ನಿಲ್ಲಲಿಲ್ಲ. ಮನೆಯಲ್ಲಿ ಕೆಲಸವಿದೆ ಎಂದು ಹೇಳಿ ಸಾಲೋಟಗಿಗೆ ಹೊರಟಳು. ಅವಳು ಮುನಿಸಿಕೊಂಡು ಹೋದಳೆಂದೇ ಎಲ್ಲರೂ ತಿಳಿದರು. ಸುರೇಖಾ ಕಾಲಿಗೆ ಬಿದ್ದಾಗಲೂ ತಲೆಯ ಮೇಲೆ ಕೈಯಿಟ್ಟಳೇ ಹೊರತು ಒಂದು ಮಾತಾಡಲಿಲ್ಲ.

ವಾರದಲ್ಲಿ ಅವಳ ಮಗ ಒಂದು ಟೆಂಪೊ ಮಾಡಿಕೊಂಡು ಬಂದ. ಸಾತವ್ವ ಮುಂದೆ ಡ್ರೈವರನ ಪಕ್ಕ ಕೂತಿದ್ದಳು. ಹಿಂದೆ ಮಾಲದಂಡಿ ಜೋಳದ ಚೀಲಗಳು. ಹೋದ ವರ್ಷ ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಾಳಿನ ಗುಂಡಿಯಲ್ಲಿ, ತುಂಬಿಟ್ಟದ್ದು. ಬಾಯಿ ತೆಗೆಸಿ, ಒಳಗಿನ ಗಾಳಿ ಹೋಗಲೆಂದು ಒಂದು ದಿನ ಬಿಟ್ಟು, ಗೋಡೆಯ ಮಗ್ಗುಲಿನ ತಣಸು ಹಿಡಿದ ಕಾಳನ್ನು ಬೇರೆ ತೆಗೆಸಿ, ನಡುವಿನದನ್ನಷ್ಟೇ ತುಂಬಿಸಿಕೊಂಡು ಬಂದಿದ್ದಳು.

"ಹಿಂಗಾರಿ ಬರೋತನಕ ಇದನ್ನ ಉಣ್ರಿ," ಎಂದಳು. ಬಳಿಕ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, "ಹಸಿವಾಗೇತಿ. ನಿನ್ನ ಕೈಯಾಗಿನ ಬಿಸಿ ರೊಟ್ಟಿ ಕೊಡವಾ ಸುರೇಖಾ. ಸಾಲೋಟಗ್ಯಾಗ ನನ್ನ ಸೊಸಿ ಮಾಡಿದ್ದು ಸೊಗಸ ಬರೂದಿಲ್ಲ," ಎಂದಳು.

ಸುರೇಖಾ ನಗು ತಡೆಯಲು ಒಲೆ ಊದತೊಡಗಿದಳು. ಸಾತವ್ವ ಅಂದು ಮೂರು ರೊಟ್ಟಿ ಉಂಡಳು. ಸಿದ್ಧರಾಮ ಅಂದು ಹೆಂಡತಿಯ ಪಕ್ಕ ಕೂತು, ಆ ಮಾತು ಬಂದ ದಿನವೇ ತಾನು ಸಾತವ್ವನಿಗೆ ಎದುರಾಡಬೇಕಾಗಿತ್ತು ಎಂದ. "ಆಡಬೇಕಿತ್ರಿ," ಎಂದಳು ಸುರೇಖಾ. ಅಷ್ಟು ಹೇಳಿ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಫೆಬ್ರುವರಿಯಲ್ಲಿ ಉಳಿದರ್ಧ ಹೊಲದ ಬಿಳಿಜೋಳ ಮುತ್ತಿನಂತೆ ಬಂತು. ಮರುವರ್ಷ ಅಮಸಿದ್ದ ಹೈಬ್ರೀಡ್ ಬಿಡಲಿಲ್ಲ, ಬಿಡುವ ಜಾತಿಯವನೂ ಅಲ್ಲ. ಆದರೆ ಬೇಸಿಗೆಯಲ್ಲಿ ಕೂಳೆಯನ್ನೆಲ್ಲ ಕಿತ್ತು ಸುಟ್ಟ. ಹಳೆಯ ಹೈಬ್ರೀಡಿನ ಅರ್ಧಕ್ಕೆ ಹೆಸರು ಬಿತ್ತಿ, ಇನ್ನರ್ಧದ ಒಂದು ಪಟ್ಟಿಗಷ್ಟೇ ಹೈಬ್ರೀಡ್ ಹಾಕಿದ, ಸಾಲು ಸ್ವಲ್ಪ ಅಗಲ ಬಿಟ್ಟ. ಕಾಳು ಬಲಿಯುವ ಹೊತ್ತಿಗೆ ದಿನಾ ಒಂದು ತೆನೆ ಮುರಿದು ತಂದು, ಕನ್ನಡಕ ಹಾಕಿಕೊಂಡು ಬುಡದ ಕರೀ ಚುಕ್ಕೆ ಹುಡುಕುತ್ತಿದ್ದ. ಅವನಿಗೆ ಸರಿಯಾಗಿ ಕಾಣದಾದಾಗ ಸುರೇಖಾಳನ್ನು ಕರೆಯುತ್ತಿದ್ದ.

"ಬಂದೈತಿ ನೋಡ್ರಿ ಮಾವಾರ," ಎಂದು ಅವಳು ಒಂದು ದಿನ ಹೇಳಿದಳು. ಮರುದಿನವೇ ಕೊಯ್ಲು.

ದಂಟು ಇನ್ನೂ ಹಸಿರಾಗಿತ್ತು. ತೆನೆಗಳನ್ನಷ್ಟೇ ಕೊಯ್ದು ಬುಟ್ಟಿಯಲ್ಲಿ ಮಾಳಿಗೆಗೆ ಏರಿಸಿದರು. ಕೊಯ್ಯುವಾಗಲೇ ಕಪ್ಪಾದವನ್ನು ಸುರೇಖಾ ಬೇರೆ ಹಾಕಿಸಿದಳು. ಒಂದರ ಮೇಲೊಂದು ಬೀಳದಂತೆ ಹರವಿದರು. ಹಸ್ತ ಮಳೆ ಆ ವರ್ಷವೂ ಬಂತು. ಮೋಡ ಕಂಡ ಕೂಡಲೇ ಇಂದ್ರಾಬಾಯಿ ಕೂಗುವಳು, ಎಲ್ಲರೂ ಏಣಿ ಹತ್ತುವರು. ಪಡಸಾಲೆ, ನಡುಮನೆ, ಅಟ್ಟ ಎಲ್ಲವೂ ತೆನೆಯಿಂದ ತುಂಬಿ, ಒಂದೆರಡು ದಿನ ಊಟ ದನದ ಕೊಟ್ಟಿಗೆಯ ಮಗ್ಗುಲಲ್ಲೇ ಆಯಿತು. ಅಮಸಿದ್ದ ಗೊಣಗಲಿಲ್ಲ. ಬಿಸಿಲು ಬಿದ್ದರೆ ಮತ್ತೆ ಮೇಲೆ. ಕಾಳನ್ನು ಹಲ್ಲಿನಲ್ಲಿ ಕಡಿದರೆ ಕಟ್ಟೆಂದು ಮುರಿಯುವತನಕ ಮಶೀನು ಕರೆಸಲಿಲ್ಲ. ಹಿಂದಿನ ಫಸಲಿಗಿಂತ ಚೀಲಗಳು ಕಡಿಮೆಯೇ ಆದವು. ಆದರೆ ಕಾಳು ಬೆಳ್ಳಗಿತ್ತು, ಉಂಡವರು ಯಾರೂ ಚರಿಗೆ ಹುಡುಕಲಿಲ್ಲ.

ರಾಶಿಗೆ ಮುಂಚೆ, ತೆನೆಗಳು ಇನ್ನೂ ಮಾಳಿಗೆಯ ಮೇಲೆ ಒಣಗುತ್ತಿದ್ದಾಗ, ಅನೀಲಕುಮಾರ ಅಕ್ಕಪಕ್ಕದ ಊರಿನ ಒಂದಷ್ಟು ರೈತರನ್ನು ಕರೆದುಕೊಂಡು ಬಂದ. ಮಾಳಿಗೆ ತೋರಿಸಬೇಕಿತ್ತು. ಅಮಸಿದ್ದ ಏಣಿ ಹಿಡಿದು ಒಬ್ಬೊಬ್ಬರನ್ನೇ ಹತ್ತಿಸಿದ. ಹೇಗೆ ಮಾಡಿದಿರಿ ಎಂದು ಒಬ್ಬ ಕೇಳಿದಾಗ, ಅವನು ಮಾತು ಶುರು ಮಾಡಿ ನಡುವೆಯೇ ನಿಲ್ಲಿಸಿದ.

"ನನಗಿಂತ ನನ್ನ ಸೊಸಿ ಚಂದ ಹೇಳ್ತಾಳ. ಆಕೀನ ಕೇಳ್ರಿ," ಎಂದ.

ಸುರೇಖಾ ಆಗ ಐದು ತಿಂಗಳ ಗರ್ಭಿಣಿ. ಏಣಿ ಹತ್ತಬಾರದೆಂದು ಅತ್ತೆಯ ಕಟ್ಟಪ್ಪಣೆಯಿತ್ತು. ಅಂಗಳದ ಬೇವಿನ ನೆರಳಲ್ಲಿ ನಿಂತುಕೊಂಡೇ ಮೇಲಿದ್ದವರಿಗೆ ಕೇಳುವಂತೆ ದನಿ ಎತ್ತಿ ಹೇಳತೊಡಗಿದಳು. ಮೊದಲ ಒಂದೆರಡು ಮಾತು ತಡವರಿಸಿದವು, ಆಮೇಲೆ ಸರಾಗವಾದವು. ಗಂಡಸರು ಮಾಳಿಗೆಯ ಅಂಚಿಗೆ ಬಂದು ಬಗ್ಗಿ ಕೇಳಿಸಿಕೊಂಡರು. ಸಿದ್ಧರಾಮ ಅವರ ನಡುವೆ ನಿಂತು, ತೆನೆಗಳನ್ನು ಇನ್ನೊಂದು ಮಗ್ಗುಲಿಗೆ ಹೊರಳಿಸುತ್ತಿದ್ದ. ಇಂದ್ರಾಬಾಯಿ ಎಲ್ಲರಿಗೂ ಚಹಾ ಕಾಸಲು ಒಳಗೆ ಹೋದಳು, ಹಾಲು ಸಾಲದೆಂದು ಪಕ್ಕದ ಮನೆಯ ರಾಮವ್ವನನ್ನು ಕೂಗಿದಳು.